ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ಅಂಗಡಿಯವನು ಎಂಟು ದಿರ್ಹಂ ಅಂದ; ಐದಕ್ಕೆ ಇಳಿಸಿದೆ. ಶಾರ್ಜಾದಲ್ಲಿ ಖಾಲಿ ಕ್ಯಾಸೆಟ್ಟಿಗೇ ಆರು. ಹಾಡು ತುಂಬಿದ್ದನ್ನು ಅಗ್ಗಕ್ಕೆ ಕೊಂಡು, ಹಾಡು ಅಳಿಯದಿರಲೆಂದು ಬಿಟ್ಟ ಬೆನ್ನಿನ ತೂತಿಗೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ನನ್ನ ಮಾತು ತುಂಬಿ ಲಿಂಗಸುಗೂರಿಗೆ ಕಳಿಸುವುದು ನನ್ನ ಲೆಕ್ಕ. ಓದು ಬಾರದ ನನ್ನ ಹೆಂಡತಿ ಶರಣಮ್ಮನಿಗೆ ಕ್ಯಾಸೆಟ್ಟೇ ಕಾಗದ.

ಅಳಿಸುವ ಮೊದಲು ಒಮ್ಮೆ ಹಚ್ಚಿದೆ. ಯಾರೋ ಬಾಗಿಲು ಬಡಿದರು. ಕೋಣೆಯ ಜೊತೆಗಾರ, ಸಿಂಧನೂರಿನ ಖಾಜಾ, ಎದ್ದು ತೆರೆದ. ಹೊರಗೆ ಯಾರೂ ಇಲ್ಲ. ಬಡಿತ ಹಾಡಿನೊಳಗಿನದು!

“ಲೇ ಬಸ್ಯಾ, ಇದು ಹಾಡೇನಲೇ, ಜಗಳೇನಲೇ? ಟೇಪು ಸಿಕ್ಕೊಂಡು ಒಂದ ಮಾತು ಒದರಿದ್ದೇ ಒದರಾಕತ್ತೈತಿ. ವಾಪಸ್ ಕೊಟ್ಟು ಬಾ ಹೋಗಲೇ.”

ಹೋದೆ ಕೂಡ. “ಹಿಪ್-ಹಾಪ್ ಇರುವುದೇ ಹಾಗೆ. ಖಲಾಸ್,” ಎಂದ ಅಂಗಡಿಯವನು. ಅರಬ್ಬಿಯಲ್ಲಿ ಖಲಾಸ್ ಅಂದರೆ ಮುಗಿಯಿತು. ನಮ್ಮಲ್ಲೂ ಅದೇ ತಾನೆ? ಇಲ್ಲಿ ಕಲಿಯದೆಯೇ ನನಗೆ ಬಂದ ಮಾತು ಅದೊಂದೇ.

ಕೊಂಡದ್ದನ್ನು ಬಿಸಾಡುವ ಜಾಯಮಾನ ನನ್ನದಲ್ಲ. ಕೇಳುತ್ತ ಹೋದೆ. ತಾಳ ಸಿಕ್ಕಿತು: ನಮ್ಮ ಮೊಹರಮ್ಮಿನ ರಿವಾಯತ್ ಪದದವರು ಅರ್ಧ ಆಡಿ ಅರ್ಧ ಹಾಡಿ ಎದುರಿನವರಿಗೆ ಸವಾಲು ಹಾಕುತ್ತಾರಲ್ಲ, ಅದೇ ಜಾಡು. ಮತ್ತೆ ಕೇಳಿದಂತೆ ಮಾತಿನ ಹಿಂದೆ ಒಂದು ಓಣಿಯೇ ತೆರೆದುಕೊಂಡಿತು. ಕುದಿಯುವ ನೀರು, ಮಾಳಿಗೆಯಲ್ಲಿ ನಗುವ ಹೆಂಗಸು, ಮುದುಕನ ಕೆಮ್ಮು. ಒಂದು ಹಾಡಿನಿಂದಾಚೆ ಕೆಮ್ಮು ಕೇಳಿಸುವುದಿಲ್ಲ. ಮುದುಕ ಹೋದನೆಂದು ಯಾರೂ ಹೇಳುವುದಿಲ್ಲ, ನಾವೇ ತಿಳಿಯಬೇಕು. ಅದನ್ನು ಅಳಿಸಲು ಕೈ ಬರಲಿಲ್ಲ.

ಶರಣಮ್ಮನ ಕ್ಯಾಸೆಟ್ಟುಗಳಿಗೆ ಬೇರೆ ಪದ್ಧತಿ. ಒಂದು ಮಗ್ಗುಲು ಕೇಳಿ, ಖಾಲಿಯೆಂದುಕೊಂಡ ಇನ್ನೊಂದು ಮಗ್ಗುಲಿಗೆ ನನ್ನ ಉತ್ತರ ತುಂಬಿ ಮರಳಿಸುತ್ತಿದ್ದೆ. ಒಂದೇ ಕ್ಯಾಸೆಟ್ಟು, ಎರಡು ಕೆಲಸ.

ಆದರೆ ಈ ಹಾಡು ಕಿವಿಗೆ ಹಿಂದಿನದನ್ನು ಹುಡುಕುವ ಚಟ ಹಚ್ಚಿತ್ತು. ಶಿವರಾತ್ರಿಯ ನಂತರ ಬಂದ ಕ್ಯಾಸೆಟ್ಟಿನಲ್ಲಿ ಅವಳು, “ಎಲ್ಲಾರೂ ಆರಾಮ ಅದೀವ್ರೀ,” ಅನ್ನುತ್ತಿದ್ದರೆ ಹಿಂದೆ ಕಪ್ಪೆಗಳು ವಟಗುಟ್ಟುತ್ತಿದ್ದವು. ಬೇಸಿಗೆಯ ಲಿಂಗಸುಗೂರಿನಲ್ಲಿ ಕಪ್ಪೆ ಎಲ್ಲಿಯದು? ಆ ಕಾಲಕ್ಕೂ ಭತ್ತದ ಗದ್ದೆಯಲ್ಲಿ ಕಾಲುವೆ ನೀರು ನಿಲ್ಲುವುದು ಸಿಂಧನೂರು ಕಡೆಯ ವಳಕಮದಿನ್ನಿಯಲ್ಲಿ, ಅವಳ ತವರಿನಲ್ಲಿ.

“ಕಪ್ಪಿ ಯಾಕ ಒದರಾಕತ್ತಾವ?” ಎಂದು ಕೇಳಿ ಕಳಿಸಿದೆ. ಉತ್ತರ ಬಂತು.

“ಅತ್ತಿ ಮುಂದ ಒಂದು ಮಗ್ಗಲ ಮಾತಾಡ್ತಿದ್ದೆ. ಅವ್ರು ಹೊರಗ ಹೋದ ಮ್ಯಾಲೆ ಇನ್ನೊಂದು ಮಗ್ಗಲ. ನಂಗ ಇಲ್ಲಿ ಬಾಳಾಕ ಆಗವಲ್ದು, ಒಮ್ಮೆ ಬಂದು ಹೋಗ್ರಿ ಅಂತಿದ್ದೆ. ನೀವು ಅದರ ಮ್ಯಾಲೇ ಮಾತಾಡಿ ಕಳಿಸೀರಿ. ಕಪ್ಪಿ ಒದರಿದ್ದು ಕೇಳಿತು, ನನ್ನ ಮಾತು ಕೇಳಲಿಲ್ಲ. ಇನ್ನ ಖಲಾಸ್‌ರೀ.”

ಆಮೇಲೆ ಕ್ಯಾಸೆಟ್ಟು ಬಂದಿಲ್ಲ. ರಜೆ ಸಿಕ್ಕರೆ ಲಿಂಗಸುಗೂರಿನಲ್ಲಿ ಇಳಿಯಬೇಕೋ, ಮಸ್ಕಿ ದಾಟಿ ಸಿಂಧನೂರಿಗೆ ಟಿಕೆಟ್ ತೆಗೆಸಬೇಕೋ ಗೊತ್ತಿಲ್ಲ. ಇಲ್ಲಿ ಹಾಡಿನ ಬಾಗಿಲು ದಿನಾ ಬಡಿಯುತ್ತದೆ. ಖಾಜಾ ಈಗ ಏಳುವುದಿಲ್ಲ.

ಹೊರದೇಶಕ್ಕೆ ಹೊರಟವರಿಗೆ ನನ್ನದೊಂದು ಮಾತು. ಯಾವುದರಲ್ಲಿ ಬೇಕಾದರೂ ದುಡ್ಡು ಉಳಿಸಿ, ಕ್ಯಾಸೆಟ್ಟಿನಲ್ಲಿ ಉಳಿಸಬೇಡಿ. ಉತ್ತರಕ್ಕೆ ಬೇರೆಯದನ್ನು ಕೊಳ್ಳಿ. ಮನೆಯಿಂದ ಬಂದದ್ದನ್ನು ತಿರುವಿ ಹಾಕಿ, ಬರೀ ಸುಂಯ್‌ಗುಟ್ಟುತ್ತಿದ್ದರೂ ಕೊನೆಯವರೆಗೆ ಓಡಲು ಬಿಡಿ.