ಮೂರು ಸಲ ಕಾಯಿಸಿ, ಮೂರು ಸಲ ಆರಿಸಿ

ನನಗೂ ಕಾರಿಗೂ ಆಗಿಬರುವುದಿಲ್ಲ. ಕೂತು ಹತ್ತು ಮೈಲಿ ಹೋದರೆ ವಾಂತಿ. ಬಸ್ಸಾದರೆ ಪರವಾಗಿಲ್ಲ, ಕಿಟಕಿ ದೊಡ್ಡದಿರುತ್ತದೆ. ಇಂಥ ನಾನು ನಲವತ್ತು ವರ್ಷ ಕಾರಿನ ಇಂಜಿನ್ನಿಗೆ ಬಣ್ಣ ಹಚ್ಚಿದ್ದೇನೆ ಎಂದರೆ ನೀವು ನಗುತ್ತೀರಿ. ನಗಿರಿ. ನಂಬದವರಲ್ಲಿ ನೀವೇನೂ ಮೊದಲಿನವರಲ್ಲ.

ಕಾರಿನ ಮೈಗೆ ಹಚ್ಚುವ ಬಣ್ಣ ಊರಿಗೆ ಕಾಣಲೆಂದು ಹಚ್ಚುವುದು. ಇಂಜಿನ್ನಿನ ಬಣ್ಣ ಬಾನೆಟ್ ಎತ್ತಿದವನಿಗೆ ಮಾತ್ರ ಕಾಣುತ್ತದೆ. ಅವನೂ ಗಾಡಿ ಕೆಟ್ಟು ನಿಂತಿತೆಂದು ಎತ್ತಿರುತ್ತಾನೆ, ಬಣ್ಣ ನೋಡುವ ಮನಸ್ಸು ಅವನಿಗೆಲ್ಲಿ? ಆದರೂ ಹಚ್ಚಬೇಕು, ಬಿಟ್ಟರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಮಾಡಿದರೆ ಕಾಣದ, ಬಿಟ್ಟರೆ ಮಾತ್ರ ಕಾಣುವ ಇಂಥ ಕೆಲಸಗಳು ಮನೆಯಲ್ಲಿ ಯಾರ ಪಾಲಿಗೆ ಬರುತ್ತವೆಂದು ನಾನು ಹೇಳಬೇಕಾಗಿಲ್ಲ.

ಮೊದಲು ಡೀಸೆಲ್ಲಿನಲ್ಲಿ ತೊಳೆಯಬೇಕು, ತಂತಿ ಬ್ರಶ್ಶಿನಿಂದ ಉಜ್ಜಬೇಕು. ಆಮೇಲೆ ಸೋಪಿನ ನೀರು. ಅದು ಒಣಗಿದ ಮೇಲೆ ಥಿನ್ನರ್ ಅದ್ದಿದ ಬಟ್ಟೆ. ಬೆರಳಿನಷ್ಟು ಜಿಡ್ಡು ಉಳಿದರೂ ಅಲ್ಲಿ ಬಣ್ಣ ನಿಲ್ಲುವುದಿಲ್ಲ. ಹಚ್ಚುವಾಗ ತೆಳ್ಳಗೆ ಒಂದು ಕೈ, ತುಸು ಬಿಟ್ಟು ಇನ್ನೊಂದು, ಮತ್ತೆ ಬಿಟ್ಟು ಮತ್ತೊಂದು. ಒಂದೇ ಸಲಕ್ಕೆ ದಪ್ಪಗೆ ಬಳಿದು ಮುಗಿಸುವವರೂ ಇದ್ದಾರೆ. ಅವರ ಬಣ್ಣ ಹಾಲಿನ ಕೆನೆಯ ಹಾಗೆ ಮೇಲಷ್ಟೇ ಕಟ್ಟುತ್ತದೆ, ಕೆಳಗೆ ಹಸಿ.

ಇಷ್ಟಾದರೂ ಕೆಲಸ ಅರ್ಧವೇ. ಬಣ್ಣ ಒಣಗುವುದು ಬೇರೆ, ಪಕ್ಕಾ ಆಗುವುದು ಬೇರೆ. ಮುಟ್ಟಿದರೆ ಕೈಗೆ ಹತ್ತದಿದ್ದರೆ ಒಣಗಿತು ಎನ್ನುತ್ತಾರೆ. ಉಗುರು ಒತ್ತಿ ನೋಡಿ, ಗುರುತು ಬೀಳುತ್ತದೆ. ಎಣ್ಣೆ ಬಿದ್ದರೆ ಮೆತ್ತಗಾಗುತ್ತದೆ. ಪಕ್ಕಾ ಆಗಲು ಶಾಖ ಬೇಕು. ಇಂಜಿನ್ ಕೂರಿಸಿ, ನಿಂತಲ್ಲೇ ಹತ್ತು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಮರುದಿನ ಇಪ್ಪತ್ತು ನಿಮಿಷ. ಅದರ ಮರುದಿನ ಚೆನ್ನಾಗಿ ಕಾಯುವವರೆಗೆ. ಮೂರು ಸಲ ಕಾಯಿಸಿ, ಮೂರು ಸಲ ಆರಿಸಿ. ಅಲ್ಲಿಯವರೆಗೆ ರಸ್ತೆಗೆ ಬಿಡಬಾರದು.

ನಮ್ಮ ಕಡೆಯ ಕಡಕ್ ರೊಟ್ಟಿಯೂ ಹೀಗೇ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬದಿಗೆ ಒರಗಿಸಿ ಸಣ್ಣ ಶಾಖದಲ್ಲಿ ಬಿಟ್ಟರೆ ತಿಂಗಳಿಟ್ಟರೂ ಕೆಡುವುದಿಲ್ಲ. ಅವಸರಕ್ಕೆ ಉರಿ ಜೋರು ಮಾಡಿದರೆ ಮೇಲೆ ಸುಟ್ಟಿರುತ್ತದೆ, ಒಳಗೆ ಹಸಿ ಉಳಿದು ಮೂರನೆಯ ದಿನಕ್ಕೆ ಬೂಸಲು. ನನ್ನ ತವರಿನವರು ಸೊಲ್ಲಾಪುರದ ಟಾವೆಲ್ಲುಗಳ ನೂಲಿಗೆ ಬಣ್ಣ ಹಾಕುವವರು. ಸರಿಯಾಗಿ ಕುದಿಸದೆ ಕೊಟ್ಟ ಬಣ್ಣ ಮೊದಲ ಸಲ ಒಗೆದಾಗಲೇ ಗಟಾರ ಸೇರುವುದನ್ನು ಸಣ್ಣವಳಿದ್ದಾಗಲೇ ನೋಡಿದ್ದೇನೆ. ಇಂಜಿನ್ನಿನ ಬಣ್ಣದ ಡಬ್ಬಿಯ ಮೇಲೂ ಇದನ್ನೆಲ್ಲ ಬರೆದಿರುತ್ತಾರಂತೆ, ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಂದವರು ಓದುವುದಿಲ್ಲ. ಬಾರದ ನಾನು ರೊಟ್ಟಿ ನೋಡಿ ಕಲಿತೆ.

ನಮ್ಮ ಗ್ಯಾರೇಜು ಸೊಲ್ಲಾಪುರದಲ್ಲಿ, ಅಕ್ಕಲಕೋಟ ರೋಡಿನ ಮೇಲಿದೆ. ನಮ್ಮ ಯಜಮಾನರು ಮಿಸ್ತ್ರಿ. ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಗಟ್ಟಿಗರು, ಸುಳ್ಳು ಹೇಳುವುದಿಲ್ಲ. ಬಣ್ಣಕ್ಕೆ ಕೂರುವ ತಾಳ್ಮೆ ಮಾತ್ರ ಇರಲಿಲ್ಲ. ಹಿತ್ತಲಲ್ಲಿ ತಗಡಿನ ಕೆಳಗೆ ನಾನು ಹಚ್ಚುತ್ತಿದ್ದೆ. ಗಿರಾಕಿ ಬಂದರೆ ಬ್ರಶ್ ಇಟ್ಟು, ಕೈ ತೊಳೆದು, ಚಹಾ ಮಾಡಿ ತರಬೇಕು. ಗಿರಾಕಿ ಕಪ್ಪು ಹಿಡಿದುಕೊಂಡು, ಮಿಸ್ತ್ರಿ, ನಿಮ್ಮ ಬಣ್ಣ ಹತ್ತು ವರ್ಷವಾದರೂ ಹೋಗುವುದಿಲ್ಲ ನೋಡಿ ಎನ್ನುತ್ತಿದ್ದ. ಇವರು ಮೀಸೆ ಸವರಿ “ಕೈಗುಣರಿ” ಎನ್ನುತ್ತಿದ್ದರು. ಗಿರಾಕಿ ಹೋದ ಮೇಲೆ, ಚಹಾ ಥಿನ್ನರ್ ನಾರುತ್ತದೆಂದು ನನ್ನನ್ನು ಬೈಯುತ್ತಿದ್ದರು. ಆ ವಾಸನೆ ಎಲ್ಲಿಂದ ಬಂತೆಂದು ಒಬ್ಬ ಗಿರಾಕಿಯೂ ಕೇಳಲಿಲ್ಲ. ಖಂಡೇನವಮಿಯ ಆಯುಧ ಪೂಜೆಗೆ ಪಾನಾ, ಹತೋಡಿ, ಜಾಕು ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ ಏರಿಸುತ್ತಿದ್ದರು. ನನ್ನ ಬ್ರಶ್ ಅಡುಗೆಮನೆಯ ಕಿಟಕಿಯಲ್ಲೇ ಇರುತ್ತಿತ್ತು.

ಅವರು ಹೋಗಿ ಆರು ವರ್ಷವಾಯಿತು. ಈಗ ಮಗ ಸಿದ್ದು ನಡೆಸುತ್ತಾನೆ. ಬೋರ್ಡಿನ ಮೇಲೆ ಅಪ್ಪನ ಹೆಸರು, ಮಗನ ಹೆಸರು, ಮರಾಠಿಯಲ್ಲಿ. ಸಿದ್ದು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡ ಅವನ ಬಾಯಲ್ಲಿ ಮಾತ್ರ ಇದೆ, ಕಣ್ಣಿಗೆ ಒಂದಕ್ಷರವೂ ಹತ್ತುವುದಿಲ್ಲ. ನಾನು ಮೂರನೆಯ ಇಯತ್ತೆಯವರೆಗೆ ಕನ್ನಡ ಸಾಲೆಗೆ ಹೋದವಳು. ಒಂದು ದಿನ ಅವನಿಗೆ ಹೇಳಿದೆ: ಬೋರ್ಡಿನ ಮೇಲೆ ಬರೆಯುವುದು ಬೇಡ, ಒಬ್ಬ ಗಿರಾಕಿಗೆ, ಒಂದು ಸಲ, ನಾನು ಕೇಳುವ ಹಾಗೆ, ಬಣ್ಣ ನಮ್ಮವ್ವ ಹಚ್ಚುತ್ತಾಳೆ ಎಂದು ಹೇಳು. ಸಾಯುವ ಮೊದಲು ಅಷ್ಟು ಕೇಳಿದರೆ ಸಾಕು.

“ಮುದಿಕಿ ಕೈಯಾಗ ಇಂಜಿನ್ ಕೊಡ್ತಾರ ಅಂತ ಗೊತ್ತಾದ್ರ ಯಾರ ಬರ್ತಾರವ್ವ ನಮ್ಮ ಕಡಿ?” ಎಂದ.

ಹಾಗೆಂದು ಬ್ರಶ್ಶನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ಹೋದ ವರ್ಷ ಖಂಡೇನವಮಿಗೆ ಮುಂಚೆ ಅಕ್ಕಲಕೋಟೆಯಿಂದ ಅರಿವೆ ಅಂಗಡಿಯ ಸಾವಕಾರರೊಬ್ಬರ ಹಳೆಯ ಕಾರು ಬಂತು. ಅವರ ತಂದೆ ಓಡಿಸಿದ ಕಾರು. ಹಬ್ಬದ ಪೂಜೆಗೆ ಇಂಜಿನ್ ಹೊಸದರ ಹಾಗೆ ಕಾಣಬೇಕು ಎಂದರು. ಹಸಿರು ಬಣ್ಣ ತರಿಸಿ ಹಚ್ಚಿದೆ. ಮೂರನೆಯ ಕೈ ಮುಗಿದಾಗ ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಇನ್ನೂ ನಾಲ್ಕು ದಿನ ಬೇಕು, ಪೂಜೆಗೆ ಸಿಗುವುದಿಲ್ಲ ಎಂದು ಹೇಳಿಬಿಡು ಎಂದೆ ಸಿದ್ದುವಿಗೆ.

“ಸಾವ್ಕಾರ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ. ಒಣಗ್ಯದಲ್ಲ, ಇನ್ನೇನು?”

“ಒಣಗ್ಯದ. ಪಕ್ಕಾ ಆಗಿಲ್ಲ.”

“ಹಾದ್ಯಾಗ ಆಗ್ತದ ಬಿಡು,” ಎಂದವನು ಮರುದಿನ ಇಂಜಿನ್ ಕೂರಿಸಿ, ಒಂದೇ ಓಟಕ್ಕೆ ಅಕ್ಕಲಕೋಟೆಗೆ ಮುಟ್ಟಿಸಿ ಬಂದ.

ಹಬ್ಬದ ದಿನ ಸಾವಕಾರರ ತಾಯಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಇಂಜಿನ್ನಿನ ನೆತ್ತಿಯ ಮೇಲೆ ‘ಶ್ರೀ’ ಬರೆದರಂತೆ. ಆಮೇಲೆ ಮನೆಮಂದಿಯೆಲ್ಲ ಕೂತು ಊರು ಸುತ್ತಿದರು. ಕೆಳಗೆ ಹಸಿ ಬಣ್ಣ, ಮೇಲೆ ಎಣ್ಣೆ, ಜೊತೆಗೆ ಶಾಖ. ಮುಂದಿನದು ಯಾರಿಗಾದರೂ ತಿಳಿಯುವಂಥದ್ದು. ಕುಂಕುಮ ಬಣ್ಣದೊಳಗೆ ಇಳಿದು ಕೂತಿತು. ಎರಡನೆಯ ದಿನ ಸಾವಕಾರರ ಫೋನು ಬಂತು: ಕುಂಕುಮ ಹೋಗುತ್ತಿಲ್ಲ, ಬಂದು ನೋಡಿ.

ಸಿದ್ದುವಿನ ಮುಖ ಇಳಿಯಿತು. “ಹಚ್ಚಿದಾಕಿ ನೀನು. ನೀನೇ ಬಾ ನಡಿ,” ಎಂದ.

ನಾನು ಮುಖ ತೊಳೆದು ಒಳ್ಳೆಯ ಇಳಕಲ್ ಸೀರೆ ಉಟ್ಟೆ. ನೀವು ಹುಚ್ಚಿ ಎನ್ನಬಹುದು. ಹೊಗಳಿಕೆಯಲ್ಲಿ ಬಾರದ ಹೆಸರು ಬೈಗುಳದಲ್ಲಾದರೂ ಬರುತ್ತದಲ್ಲ ಎಂಬುದು ನನ್ನ ಆಸೆ. ವಳಸಂಗದ ಹತ್ತಿರ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡೆ, ಸೀರೆಗೆ ತಗಲದ ಹಾಗೆ.

ಸಾವಕಾರರ ಮನೆಯ ಮುಂದೆ ಚಪ್ಪಲಿಗಳ ರಾಶಿ. ಕಾರಿನ ಬಾನೆಟ್ ತೆರೆದಿದೆ, ರೇಡಿಯೇಟರಿನ ಸಂದಿಯಲ್ಲಿ ಊದಿನಕಡ್ಡಿ ಸಿಕ್ಕಿಸಿದ್ದಾರೆ. ಜನ ಸಾಲಾಗಿ ಬಗ್ಗಿ ನೋಡಿ, ಕೈ ಮುಗಿದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದಾರೆ. ಇದೊಂದನ್ನೂ ಸಿದ್ದು ಗಮನಿಸಲಿಲ್ಲ. ಹೆದರಿದವನಿಗೆ ಕಣ್ಣು ಕಾಣುವುದಿಲ್ಲ.

“ಬಣ್ಣ ಹಚ್ಚಿದಾಕಿ ನಮ್ಮವ್ವ ರೀ ಸಾವ್ಕಾರ್ರ, ವಯಸ್ಸಾಗ್ಯದ...” ಎಂದು ಶುರು ಮಾಡಿದ. ಸಾವಕಾರರು ಅವನ ಎರಡೂ ಕೈ ಹಿಡಿದುಕೊಂಡರು.

“ನಮ್ಮೂರ ಸ್ವಾಮಿ ಮಹಾರಾಜರು ನಮ್ಮ ಸೇವಾ ಒಪ್ಪಿಕೊಂಡಾರ, ಮಿಸ್ತ್ರಿ. ರಾಕೇಲ ಎಣ್ಣಿ ಹಚ್ಚಿ ತಿಕ್ಕಿದ್ರೂ ಶ್ರೀ ಹೋಗವಲ್ದು.”

ಸಿದ್ದು ಆ ಸಾಲನ್ನು, ಆ ಊದಿನಕಡ್ಡಿಯನ್ನು ಈಗ ನೋಡಿದ. ಆಮೇಲೆ ತನ್ನ ಅಪ್ಪನ ಹಾಗೆಯೇ ಮೀಸೆ ಸವರಿಕೊಂಡ. “ಅಪ್ಪನ ಕೈಗುಣರಿ. ಅದೇ ನನಗೂ ಬಂದದ.”

ನನಗೆ ತಡೆಯಲಾಗಲಿಲ್ಲ. “ಮಹಾರಾಜರದು ಇದ್ರಾಗ ಏನೂ ಇಲ್ರಿ,” ಎಂದೆ. “ಬಣ್ಣ ಹಸಿ ಇತ್ತು. ಗಾಡಿ ಕಳಸ್ರಿ, ಕೆರದು ಹೊಸಾದು ಹಚ್ಚಿ ಕೊಡ್ತೀನಿ.”

ಸಾಲು ನಿಂತಿತು. ಸಾವಕಾರರ ತಾಯಿ, ನನ್ನ ವಾರಿಗೆಯವರೇ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಗಂಡಸರ ಕೆಲಸದಾಗ ನೀ ಯಾಕ ಬಾಯಿ ಹಾಕ್ತಿಯವ್ವ? ಬಿಸಲಾಗ ಬಂದಿ. ಕುಂದ್ರು, ಚಹಾ ಕುಡಿ.”

ಚಹಾ ಬಂತು. ಚೆನ್ನಾಗಿತ್ತು. ಥಿನ್ನರ್ ವಾಸನೆ ಇರಲಿಲ್ಲ.

ವಾಪಸು ಬರುವಾಗ ಬಸ್ಸು ಹತ್ತಿದೆ. ಕಿಟಕಿಗೆ ತಲೆ ಇಟ್ಟು ಯೋಚಿಸಿದೆ. ನೆಟ್ಟಗಾದ ಬಣ್ಣವನ್ನೆಲ್ಲ ಗಂಡ ತೆಗೆದುಕೊಂಡ. ಕೆಟ್ಟದ್ದೊಂದಾದರೂ ನನ್ನ ಪಾಲಿಗೆ ಉಳಿಯಿತು ಎಂದುಕೊಂಡರೆ, ಅದನ್ನು ದೇವರು ತೆಗೆದುಕೊಂಡ. ಇನ್ನು ನನಗೆಂದು ಉಳಿದದ್ದು ವಳಸಂಗದಲ್ಲಿ ಮಾಡಿಕೊಂಡ ವಾಂತಿ.

ಆ ವಾರವೇ ಇನ್ನಿಬ್ಬರು ತಮ್ಮ ಇಂಜಿನ್ನಿಗೂ ಅಂಥದೇ ಬಣ್ಣ ಬೇಕೆಂದು ಕೇಳಿಕೊಂಡು ಬಂದರು. ಸಿದ್ದು ಹಿತ್ತಲಿಗೆ ಬಂದು, ಮತ್ತೆ ಹಾಗೇ ‘ಶ್ರೀ’ ಮೂಡುವಂತೆ ಮಾಡಲು ಬರುತ್ತದೇನು ಎಂದು ಮೆಲ್ಲಗೆ ವಿಚಾರಿಸಿದ.

“ಕೆಲಸಾ ಕೆಡಸೂದು ನನ್ನ ಯಾಕ ಕೇಳ್ತಿ?” ಎಂದೆ. “ಅದು ನಿನಗ ಬರ್ತದಲ್ಲ.”

ದೀವಳಿಗೆಯ ನಂತರ ನಂದೇಶ್ವರದ ಕುರಿ ಸಾಕುವವರೊಬ್ಬರ ಜೀಪು ಬಂತು. ಅವರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು, ಅವಸರ ಇರಲಿಲ್ಲ. ಮೂರನೆಯ ಕೈ ಹಚ್ಚಿ, ಮರುದಿನ ಕೈಗೆ ಹತ್ತದಷ್ಟು ಒಣಗಿದ ಮೇಲೆ, ಚೀಲ ಹೊಲಿಯುವ ದಬ್ಬಣ ತೆಗೆದುಕೊಂಡೆ. ಇಂಜಿನ್ನಿನ ಮಗ್ಗುಲಲ್ಲಿ, ಬಗ್ಗಿದರೆ ಮಾತ್ರ ಕಾಣುವಲ್ಲಿ, ಕನ್ನಡದಲ್ಲಿ ನನ್ನ ಹೆಸರು ಬರೆದೆ. ನೀಲವ್ವ. ಮೂರೇ ಅಕ್ಷರ, ಆದರೆ ಕಡೆಯ ಒತ್ತಿಗೆ ಬರುವ ಹೊತ್ತಿಗೆ ಬೆವರಿದ್ದೆ. ಹಸಿ ಬಣ್ಣ ಏನು ಬರೆದರೂ ಹಿಡಿದುಕೊಳ್ಳುತ್ತದೆಂದು ಅಕ್ಕಲಕೋಟೆಯಲ್ಲಿ ಕಲಿತಿದ್ದೆನಲ್ಲ. ಆಮೇಲೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಪೂರ್ತಿ. ಪ್ರತಿ ಸಲವೂ ಕೈಯಿಟ್ಟರೆ ತಂಪು ತಟ್ಟುವವರೆಗೆ ಕಾದೆ. ಕಡೆಯಲ್ಲಿ ಉಗುರು ಒತ್ತಿ ನೋಡಿದೆ. ಉಗುರು ಮುರಿಯಿತು.

ಜೀಪು ಕೊಡುವ ದಿನ ಸಿದ್ದು ಬಗ್ಗಿ ನೋಡುತ್ತಿದ್ದವನು ಅಲ್ಲೇ ನಿಂತ. “ಇದೇನವ್ವ ಮೂಡ್ಯದ ಇಲ್ಲಿ?”

“ತಿಕ್ಕಿ ನೋಡು, ಹೋಗ್ತದೇನು,” ಎಂದೆ.

ಸೀಮೆಎಣ್ಣೆಯ ಬಟ್ಟೆ ತಂದು ತಿಕ್ಕಿದ. ಹೋಗಲಿಲ್ಲ. ಇನ್ನೊಮ್ಮೆ ತಿಕ್ಕಿದ. ಆಮೇಲೆ ಬಟ್ಟೆ ಬದಿಗಿಟ್ಟು, ಚಪ್ಪಲಿ ಬಿಟ್ಟು, ತನಗೆ ಓದಲು ಬಾರದ ಆ ಮೂರು ಅಕ್ಷರವನ್ನು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ನಾನು ಬ್ರಶ್ ತೆಗೆದುಕೊಂಡು ಹಿತ್ತಲಿಗೆ ನಡೆದೆ. ಬಣ್ಣ ಪಕ್ಕಾ ಆಗಿತ್ತು, ಯಾರು ಮುಟ್ಟಿದರೂ ಕೆಡುವಂಥದ್ದಲ್ಲ.