ಸಹಿ ಕಲಿಸಿದ ಮೇಷ್ಟ್ರು

ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಊರು ಇಟ್ಟ ಹೆಸರು ‘ಪಾಸ್ ಮೇಷ್ಟ್ರು’. ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡಕೂಡದೆಂದು ಕಾನೂನು ಬಂದ ದಿನ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆ ಕಾನೂನು ತಿಳಿಸಿದ ಸುತ್ತೋಲೆಯಲ್ಲೇ ಎರಡನೆಯ ಸಾಲೊಂದಿತ್ತು: ಹಿಂದುಳಿದ ಮಗುವಿಗೆ ಶಾಲೆ ಬಿಟ್ಟ ಮೇಲೆ ವಿಶೇಷ ಪಾಠ ಮಾಡಿ, ದಿನವೂ ಪುಸ್ತಕದಲ್ಲಿ ಮಗುವಿನ ಸಹಿ ಪಡೆಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಮೇಷ್ಟ್ರ ಬಸ್ಸು ಇದ್ದದ್ದು ನಾಲ್ಕೂವರೆಗೆ.

ಆ ವರ್ಷ ಅವರ ತರಗತಿಯಲ್ಲಿ ಇಸ್ತ್ರಿಯವನ ಮಗಳಿದ್ದಳು. ಅಕ್ಷರವೆಂದರೆ ಅವಳಿಗೆ ಕಬ್ಬಿಣದ ಕಡಲೆ. ಮೇಷ್ಟ್ರು ಒಂದು ವಾರ ಪಕ್ಕದಲ್ಲಿ ಕೂತು, ಕೈ ಹಿಡಿದು, ಸಹಿಯೊಂದನ್ನು ಮಾತ್ರ ಕಲಿಸಿದರು. ಕೊನೆಯಲ್ಲೊಂದು ಸುಳಿ, ಕೆಳಗೊಂದು ಗೆರೆ. ಆಮೇಲೆ ಸೋಮವಾರವೇ ಇಡೀ ವಾರದ ಸಹಿ ಹಾಕಿಸಿಕೊಂಡು ಬಸ್ಸು ಹತ್ತುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿ ಪುಸ್ತಕ ನೋಡಿ ಶಹಬ್ಬಾಸ್ ಅಂದರು.

ಮೊನ್ನೆ ಅವಳೇ ಮನೆಗೆ ಬಂದಳು. ಲಾಂಡ್ರಿಯ ಸೋಪಿಗೆ ಬಿಳಿಚಿದ ಕೈಯಲ್ಲಿ ಒಂದು ಕಾಗದ, ಬೆನ್ನ ಹಿಂದೆ ಐದನೇ ತರಗತಿಯ ಮಗಳು.

“ಸ್ಕೂಲಲ್ಲಿ ಸೈನ್ ಮಾಡಿ ಅಂದ್ರು, ಮಾಡ್ದೆ. ಒಂದು ಪ್ರತಿ ನಂಗೂ ಕೊಟ್ರು. ನನ್ನ ಸೈನ್ ನೋಡಿ ಓದಿದೋರು ಅಂತ ಕುರ್ಚಿ ಬೇರೆ ಹಾಕಿದ್ರು ಮೇಷ್ಟ್ರೇ! ಆಮೇಲೆ ಇದೇನು ಅಂತ ಕೇಳೋಕೆ ನಾಚ್ಕೆ ಆಯ್ತು. ಸ್ವಲ್ಪ ಓದಿ ಹೇಳಿ.”

ಕಾನೂನು ಈಗ ಮಗ್ಗುಲು ಬದಲಿಸಿತ್ತು. ಪೋಷಕರು ಒಪ್ಪಿದರೆ ಐದರಲ್ಲಿ ನಪಾಸು ಮಾಡಬಹುದು. ಕಾಗದದಲ್ಲಿ ಇದ್ದದ್ದು ಇಷ್ಟು: ‘ಮನೆಯಲ್ಲಿ ನಾನೇ ಓದಿಸಿದರೂ ಮಗಳಿಗೆ ಓದು ಬಂದಿಲ್ಲ. ಅದೇ ತರಗತಿಯಲ್ಲಿ ಉಳಿಸಲು ನನ್ನ ಒಪ್ಪಿಗೆಯಿದೆ.’ ಕೆಳಗೆ ಅದೇ ಸುಳಿ, ಅದೇ ಗೆರೆ. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ. ಆದರೂ ಗಟ್ಟಿಯಾಗಿ ಓದಿ ಹೇಳಿದರು.

“ಇದಕ್ಕೆ ನಾನು ಒಪ್ಪಿದೀನಾ?” ಅವಳು ಮಗಳ ಕಡೆ ನೋಡಲಿಲ್ಲ.

“ತಪ್ಪು ನಿಂದಲ್ಲಮ್ಮ, ನಂದು. ಆಗಿನ ಕಾನೂನು…” ಎಂದವರು ನಾಲಿಗೆ ಕಚ್ಚಿಕೊಂಡರು. ವಿಶೇಷ ಪಾಠ ಮಾಡಬೇಕೆಂಬ ಎರಡನೆಯ ಸಾಲು ಬರೆದದ್ದೂ ಅದೇ ಕಾನೂನು. “ನಾಳೆ ನಾನೇ ಸ್ಕೂಲಿಗೆ ಬಂದು, ನಡೆದಿದ್ದೆಲ್ಲ ಹೇಳಿ, ಇದನ್ನ ರದ್ದು ಮಾಡಿ ಅಂತ ಕೇಳ್ಕೋತೀನಿ. ಸಂಜೆ ಇಬ್ಬರೂ ಇಲ್ಲಿಗೆ ಬನ್ನಿ. ಪಾಠ ಮಾಡ್ತೀನಿ.”

ಅವಳು ಕಾಗದ ಮಡಚಿಕೊಂಡು ಎದ್ದಳು.

“ಬರ್ತೀವಿ ಮೇಷ್ಟ್ರೇ. ಆದ್ರೆ ಈ ಸಲ ಪಾಠ ಆದ್ಮೇಲೇ ಸೈನ್ ಹಾಕೋದು.”