ಹಿಟ್ಟಿನ ಮೂಟೆ ಹೊತ್ತ ತುರಾರ್

ತರಾಜ್ ಊರಿನ ಬಸ್ ಚಾಲಕ ತುರಾರ್ ಐವತ್ತರ ಹೊಸ್ತಿಲಲ್ಲಿ ಮೈ ಇಳಿಸಲು ಹೊರಟಾಗ ಬೀದಿಯೆಲ್ಲ ನಕ್ಕಿತು. ಇಪ್ಪತ್ತೈದು ವರ್ಷ ಸ್ಟಿಯರಿಂಗ್ ಹಿಂದೆ ಕೂತು ಬೆಳೆಸಿದ ಹೊಟ್ಟೆ, ಸುಮ್ಮನೆ ಹೋದೀತೇ? ಕಾರಣವನ್ನು ಅವನು ಯಾರಿಗೂ ಹೇಳಲಿಲ್ಲ. ಲಕ್ವ ಹೊಡೆದು ಕಾಲು ಸೋತಿದ್ದ ತಾಯಿ ಉಲ್ಬೊಸಿನ್‌ಳನ್ನು ಹಾಸಿಗೆಯಿಂದ ಎತ್ತಲು ಹೋಗಿ, ಉಸಿರು ಕಟ್ಟಿ, ಅವಳ ಸಮೇತ ನೆಲಕ್ಕೆ ಬಿದ್ದಿದ್ದ. ಅಂದಿನಿಂದ ಆಕೆ ಒಳಕೋಣೆ ಬಿಟ್ಟು ಬರಲಿಲ್ಲ. ಮುಂದಿನ ವರ್ಷ ಅವಳ ಮೊಮ್ಮಗಳ, ಅಂದರೆ ತುರಾರ್‌ನ ಮಗಳ, ನಿಶ್ಚಿತಾರ್ಥ. ಅಷ್ಟರೊಳಗೆ ಅಮ್ಮನನ್ನು ಹೊರಗೆ ತರಬೇಕಿತ್ತು.

ಮೊದಲು ದಡ್ಡನಂತೆ ಬರೀ ಉಪವಾಸ ಬಿದ್ದ. ಹೊಟ್ಟೆಗಿಂತ ಮುಂಚೆ ತೋಳೇ ಸೊರಗಿತು. ಡಿಪೋದ ಹಳೆಯ ಕುಸ್ತಿಪಟುವೊಬ್ಬ ಬೈದ ಮೇಲೆ ದಾರಿಗೆ ಬಂದ: ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಕೊಬ್ಬಿಲ್ಲದ ಕುದುರೆ ಮಾಂಸ, ರಾತ್ರಿ ನೀರು ಬಸಿದ ಗಟ್ಟಿ ಮೊಸರು. ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕ್ ಬಂದ್. ಕುರಿಯ ಬಾಲದ ಕೊಬ್ಬಿನ ಕಡೆಗಂತೂ ತಲೆ ಹಾಕುವಂತಿಲ್ಲ. ಸಂಜೆಯಾದರೆ ಐವತ್ತು ಕಿಲೋ ಹಿಟ್ಟಿನ ಮೂಟೆ ಎತ್ತಿಕೊಂಡು ಅಂಗಳ ಸುತ್ತುತ್ತಿದ್ದ. ಹಾಸಿಗೆ ಪಕ್ಕದ ಕಿಟಕಿಯಿಂದ ನೋಡುವ ತಾಯಿಗೆ ಉರಿಯುತ್ತಿತ್ತು.

“ರೊಟ್ಟಿ ಮುಟ್ಟಲ್ಲ, ಹಿಟ್ಟಿನ ಮೂಟೆ ಮಾತ್ರ ತಬ್ಕೊಂಡು ತಿರುಗ್ತಾನೆ! ನನ್ನ ಕೈತುತ್ತೂ ಬೇಡವಾಯ್ತೇನೋ ನಿಂಗೆ?”

ಮಾತು ನಾಟಿತು. ಹಿರಿಯರು ಬಾಯಿಗಿಟ್ಟ ತುತ್ತನ್ನು ಬೇಡವೆಂದವರು ಅವರ ವಂಶದಲ್ಲೇ ಇರಲಿಲ್ಲ. ಆದರೂ ಮೂಟೆ ಇಳಿಸದೆ ಇನ್ನೊಂದು ಸುತ್ತು ಹೊರಟ. ಅಮ್ಮನನ್ನು ಎತ್ತುತ್ತೇನೆಂದು ಹೇಳಿ ಮತ್ತೆ ಕೆಡವಿದರೆ?

ನಿಶ್ಚಿತಾರ್ಥದ ದಿನ ಬೀಗರು ಬಂದು ಕೂತರು. ಲಿವರ್ ಮತ್ತು ಬಾಲದ ಕೊಬ್ಬಿನ ತಟ್ಟೆಯೂ ಬಂತು. ಅದನ್ನು ಬೀಗರ ಬಾಯಿಗಿಟ್ಟರೇ ಸಂಬಂಧ ಗಟ್ಟಿ. ಇಡಬೇಕಾದ ಹಿರಿಯಳು ಮಾತ್ರ ಒಳಗಿದ್ದಳು. ತುರಾರ್ ಹಾಸಿಗೆ ಪಕ್ಕ ಮಂಡಿಯೂರಿದ.

“ಬೇಡ ಕಣೋ. ಬೀಗರ ಮುಂದೆ ಬಿದ್ರೆ ಮಾನ ಹೋಗುತ್ತೆ.”

“ಕತ್ತು ಹಿಡ್ಕೊಳಮ್ಮ. ನೀನು ಐವತ್ತೆಂಟು ಕಿಲೋ. ಮೂಟೆ ಮೇಲೆ ಎಂಟು ಕಿಲೋ ಕಲ್ಲು ಹೇರಿ ನೋಡಿದೀನಿ.”

ಉಲ್ಬೊಸಿನ್ ಮಗನ ಮುಖವನ್ನೇ ನೋಡಿದಳು. ಅವನು ಎತ್ತಿದ. ಈ ಸಲ ಉಸಿರು ಕಟ್ಟಲಿಲ್ಲ. ಹದಿನಾಲ್ಕು ಹೆಜ್ಜೆ ನಡೆದು ಹಿರಿಯರ ಜಾಗದಲ್ಲಿ ಕೂರಿಸಿದ.

ಆಕೆ ಬೀಗರಿಗೆಲ್ಲ ತುತ್ತಿಟ್ಟಳು. ಆಮೇಲೆ ದೊಡ್ಡ ತುಂಡು ಕೊಬ್ಬು ಆರಿಸಿ ಮಗನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

“ಇದಕ್ಕಾ ವರ್ಷಪೂರ್ತಿ ಬಾಯಿ ಕಟ್ಟಿದ್ದು? ‘ಆ’ ಅನ್ನು.”

ತುರಾರ್ ಬಾಯಿ ತೆರೆದ. ಎಂಥ ರುಚಿ! ಅವಳು ಇನ್ನೊಂದು ತುಂಡಿಗೆ ಕೈ ಹಾಕಿದಳು.

“ಸಾಕಮ್ಮ, ಮತ್ತೆ ಒಳಗೆ ಎತ್ಕೊಂಡು ಹೋಗ್ಬೇಕು.”

“ಒಳಗ್ಯಾಕೋ? ಆ ಮೂಟೆಗೆ ವರ್ಷವೆಲ್ಲ ಅಂಗಳ ಸುತ್ತಿಸ್ದೆ. ಮೊದಲು ನಂಗೂ ಒಂದು ಸುತ್ತು ಹಾಕಿಸು.”